ಒಂದು ಕೈಲಿ ಅನ್ನ, ಇನ್ನೊಂದು ಕೈಲಿ ವಿಷ: ಫ್ರಿಟ್ಜ್ ಹೇಬರ್ ಮತ್ತು ಮೊದಲ ಮಹಾಯುದ್ಧ

ಪಿಯುಸಿ ಕೆಮಿಸ್ಟ್ರಿ ಮುಗಿಸಿ, ಸಿಇಟಿ ಬರೆದು ಇಲ್ಲಿಗೆ ಬಂದಿರೋ ನಮಗೆಲ್ಲ ಹೇಬರ್ ಅನ್ನೋ ಹೆಸರು ಪರಿಚಯ ಇದ್ದೇ ಇರುತ್ತೆ. ನೈಟ್ರೋಜನ್ ಜೊತೆ ಹೈಡ್ರೋಜನ್ ಸೇರಿಸಿ, ಒತ್ತಡ ಜಾಸ್ತಿ ಮಾಡಿ, ಕಬ್ಬಿಣದ ಕ್ಯಾಟಲಿಸ್ಟ್ ಇಟ್ಟರೆ ಅಮೋನಿಯ ಬರುತ್ತೆ. ಇಷ್ಟು ಬರೆದರೆ ಮಾರ್ಕ್ಸ್ ಸಿಗುತ್ತೆ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಮೊದಲ ಮಹಾಯುದ್ಧದ ಪಾಠ ಹೈಸ್ಕೂಲಲ್ಲಿ ಬೇರೆ ಪುಸ್ತಕದಲ್ಲಿತ್ತು. ಅಲ್ಲಿ ಸರಾಯೆವೋ, ವರ್ಸೇಲ್ಸ್ ಅಂತ ಇಸವಿಗಳನ್ನು ಬಾಯಿಪಾಠ ಮಾಡಿದ್ವಿ. ಆದರೆ ಈ ಎರಡು ಪಾಠಗಳೂ ಒಬ್ಬನೇ ಮನುಷ್ಯನ ಬದುಕಲ್ಲಿ ಸೇರುತ್ತವೆ. ಇಂಜಿನಿಯರ್ ಆಗೋಕೆ ಹೊರಟಿರೋ ನಾವು ಅವನ ಕಥೆಯನ್ನು ಒಂದು ಸಲ ಪೂರ್ತಿ ಓದಬೇಕು ಅನ್ನಿಸಿ ಇದನ್ನು ಬರೀತಿದ್ದೀನಿ.

ಬ್ರೆಸ್ಲೌ ಊರಿನ ಹುಡುಗ

ಫ್ರಿಟ್ಜ್ ಹೇಬರ್ ಹುಟ್ಟಿದ್ದು 1868ರ ಡಿಸೆಂಬರ್ 9ರಂದು, ಆಗಿನ ಪ್ರಷ್ಯಾ ರಾಜ್ಯದ ಬ್ರೆಸ್ಲೌ ನಗರದಲ್ಲಿ. ಇವತ್ತು ಆ ಊರು ಪೋಲೆಂಡ್ ದೇಶದಲ್ಲಿದೆ. ಮನೆಯವರು ಯಹೂದಿಗಳು, ಅಪ್ಪ ಬಣ್ಣ ಮತ್ತು ಔಷಧಿಗಳ ವ್ಯಾಪಾರಿ. ಹೇಬರ್ ಹುಟ್ಟಿ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡಳು.

ಹುಡುಗನಿಗೆ ಮೂರು ವರ್ಷ ತುಂಬುವ ಮೊದಲೇ, 1871ರಲ್ಲಿ, ಚಿಕ್ಕ ಚಿಕ್ಕ ಜರ್ಮನ್ ರಾಜ್ಯಗಳೆಲ್ಲ ಸೇರಿ ಜರ್ಮನಿ ಅನ್ನೋ ಒಂದೇ ದೇಶವಾಯಿತು. ಹೊಸ ದೇಶ, ಹೊಸ ಕಾರ್ಖಾನೆಗಳು, ಜಗತ್ತಿಗೇ ಬಣ್ಣ ಮಾರುತ್ತಿದ್ದ ಕೆಮಿಕಲ್ ಕಂಪನಿಗಳು. ಆ ಉತ್ಸಾಹದಲ್ಲೇ ಹೇಬರ್ ಬೆಳೆದ. ಬರ್ಲಿನ್, ಹೈಡೆಲ್‌ಬರ್ಗ್ ಅಂತ ಓಡಾಡಿ 1891ರಲ್ಲಿ ಡಾಕ್ಟರೇಟ್ ಪಡೆದ. ಸ್ವಲ್ಪ ದಿನ ಅಪ್ಪನ ವ್ಯಾಪಾರದಲ್ಲಿ ಕೂತು ನೋಡಿದ, ಅಪ್ಪ ಮಗನಿಗೆ ಸರಿಹೋಗಲಿಲ್ಲ. 1892ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದ. ಆ ಕಾಲದಲ್ಲಿ ಯಹೂದಿಗಳಿಗೆ ಯೂನಿವರ್ಸಿಟಿಯಲ್ಲಿ ದೊಡ್ಡ ಹುದ್ದೆ ಸಿಗೋದು ಬಹಳ ಕಷ್ಟ ಇತ್ತು. ಜೊತೆಗೆ ತಾನು ಮೊದಲು ಜರ್ಮನ್, ಆಮೇಲೆ ಉಳಿದದ್ದು ಅನ್ನೋ ಭಾವನೆಯೂ ಅವನಲ್ಲಿ ಗಟ್ಟಿಯಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

1894ರಲ್ಲಿ ಕಾರ್ಲ್ಸ್‌ರುಹೆ ಊರಿನ ಟೆಕ್ನಿಕಲ್ ಕಾಲೇಜಿಗೆ ಅಸಿಸ್ಟೆಂಟ್ ಆಗಿ ಸೇರಿದ. ಫಿಸಿಕಲ್ ಕೆಮಿಸ್ಟ್ರಿಯನ್ನು ಹೆಚ್ಚಾಗಿ ತಾನೇ ಓದಿ ಕಲಿತು, 1906ರ ಹೊತ್ತಿಗೆ ಅಲ್ಲೇ ಪ್ರೊಫೆಸರ್ ಆದ. 1901ರಲ್ಲಿ ಕ್ಲಾರಾ ಇಮ್ಮರ್‌ವಾರ್ ಜೊತೆ ಮದುವೆಯಾಯಿತು. ಕ್ಲಾರಾ ಸಾಮಾನ್ಯ ಹೆಂಗಸಲ್ಲ. ಬ್ರೆಸ್ಲೌ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಆಕೆ, ಅದು 1900ನೇ ಇಸವಿಯಲ್ಲಿ. ಮದುವೆಯಾದ ಮರುವರ್ಷ ಹರ್ಮನ್ ಅನ್ನೋ ಮಗ ಹುಟ್ಟಿದ. ಗಂಡ ದಿನವಿಡೀ ಲ್ಯಾಬಲ್ಲಿ. ಕ್ಲಾರಾಳ ರಿಸರ್ಚ್ ಮಾತ್ರ ಮನೆ, ಮಗು, ಅತಿಥಿಗಳ ಮಧ್ಯೆ ನಿಂತೇ ಹೋಯಿತು.

ಗಾಳಿಯಿಂದ ಗೊಬ್ಬರ

ಗಿಡಕ್ಕೆ ನೈಟ್ರೋಜನ್ ಬೇಕು. ಗಾಳಿಯಲ್ಲಿ ಶೇಕಡ 78 ಇರೋದು ಅದೇ. ಆದರೆ ಅಲ್ಲಿ ಎರಡು ನೈಟ್ರೋಜನ್ ಪರಮಾಣುಗಳು ಮೂರು ಬಂಧಗಳಿಂದ ಎಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತವೆ ಅಂದ್ರೆ, ಗಿಡಕ್ಕೆ ಅದು ಇದ್ದೂ ಇಲ್ಲದ ಹಾಗೆ. ಆಗ ಯೂರೋಪಿನ ಹೊಲಗಳಿಗೆ ಗೊಬ್ಬರ ಬರುತ್ತಿದ್ದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯಿಂದ, ಹಡಗಿನಲ್ಲಿ. ಅದಕ್ಕೆ ಚಿಲಿ ಸಾಲ್ಟ್‌ಪೀಟರ್ ಅಂತಾರೆ. ಆ ಗಣಿ ಒಂದಲ್ಲ ಒಂದು ದಿನ ಖಾಲಿಯಾಗುತ್ತೆ, ಆಗ ಜನಕ್ಕೆ ಗೋಧಿ ಸಾಲದೆ ಹೋಗುತ್ತೆ ಅಂತ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1898ರಲ್ಲೇ ಎಚ್ಚರಿಸಿದ್ದ.

ಹೇಬರ್ ಕೈ ಹಾಕಿದ್ದು ಈ ಸಮಸ್ಯೆಗೆ. ಇದರ ತೊಡಕು ನಮಗೆ ಗೊತ್ತಿರೋದೇ. ಉಷ್ಣತೆ ಕಡಿಮೆ ಇದ್ದರೆ ರಿಯಾಕ್ಷನ್ ಆಮೆ ವೇಗದಲ್ಲಿ ನಡೆಯುತ್ತೆ. ಜಾಸ್ತಿ ಮಾಡಿದರೆ ಅಮೋನಿಯ ಮತ್ತೆ ಒಡೆದುಹೋಗುತ್ತೆ. ದಾರಿ ಒಂದೇ, ಒತ್ತಡ. ಅದೂ ಇನ್ನೂರು ಅಟ್ಮಾಸ್ಫಿಯರ್ ಹತ್ತಿರ. ರಾಬರ್ಟ್ ಲೆ ರೊಸಿನ್ಯೋಲ್ ಅನ್ನೋ ಸಹಾಯಕ ಆ ಒತ್ತಡ ತಡೆಯೋ ವಾಲ್ವುಗಳನ್ನು ತಯಾರು ಮಾಡಿದ. ಒಂದು ಸುತ್ತಿಗೆ ಸ್ವಲ್ಪವೇ ಅಮೋನಿಯ ಬರುತ್ತಿತ್ತು. ಅದನ್ನು ತಣ್ಣಗೆ ಮಾಡಿ ತೆಗೆದು, ಉಳಿದ ಗ್ಯಾಸನ್ನು ಮತ್ತೆ ಅದೇ ಸುತ್ತಿಗೆ ಕಳಿಸಿದರು. 1909ರ ಜುಲೈನಲ್ಲಿ ಬಿಎಎಸ್‌ಎಫ್ ಕಂಪನಿಯವರ ಕಣ್ಣೆದುರೇ ಮೇಜಿನ ಮೇಲಿನ ಯಂತ್ರದಿಂದ ದ್ರವ ಅಮೋನಿಯ ತೊಟ್ಟಿಕ್ಕಿತು.

ಮೇಜಿನ ಮೇಲಿದ್ದದ್ದನ್ನು ಕಾರ್ಖಾನೆಗೆ ತಂದವನು ಕಾರ್ಲ್ ಬಾಶ್. ಮೆಕ್ಯಾನಿಕಲ್ ಬ್ರಾಂಚಿನವರು ಇಲ್ಲಿ ಕಿವಿಗೊಡಿ. ಬಿಸಿ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದರ ಕಾರ್ಬನ್ನನ್ನೇ ತಿಂದುಹಾಕುತ್ತಿತ್ತು, ರಿಯಾಕ್ಟರುಗಳು ಬಿರುಕು ಬಿಟ್ಟು ಸಿಡಿಯುತ್ತಿದ್ದವು. ಬಾಶ್ ಒಳಗಡೆ ಮೆದು ಕಬ್ಬಿಣದ ಪದರ ಕೊಟ್ಟು, ಹೊರಗಿನ ಉಕ್ಕಿನ ಗೋಡೆಗೆ ಸಣ್ಣ ಸಣ್ಣ ತೂತು ಕೊರೆಸಿದ. ಒಳಪದರದಿಂದ ನುಸುಳಿದ ಹೈಡ್ರೋಜನ್ ಉಕ್ಕನ್ನು ಕೆಡಿಸೋ ಮೊದಲೇ ಆಚೆ ಹೋಗುತ್ತಿತ್ತು. ಅಲ್ವಿನ್ ಮಿಟಾಶ್ ಅನ್ನೋ ಇನ್ನೊಬ್ಬ ಸಾವಿರಾರು ಪ್ರಯೋಗ ಮಾಡಿ, ದುಬಾರಿ ಆಸ್ಮಿಯಂ ಬದಲು ಕಬ್ಬಿಣದ ಅಗ್ಗದ ಕ್ಯಾಟಲಿಸ್ಟ್ ಹುಡುಕಿದ. 1913ರಲ್ಲಿ ಒಪ್ಪೌ ಊರಿನ ಕಾರ್ಖಾನೆ ಶುರುವಾಯಿತು. ಹೇಬರ್ ಅಷ್ಟರಲ್ಲಿ ಬರ್ಲಿನ್ ಸೇರಿ, 1911ರಿಂದ ಕೈಸರ್ ವಿಲ್ಹೆಲ್ಮ್ ಹೆಸರಿನ ಹೊಸ ರಿಸರ್ಚ್ ಸಂಸ್ಥೆಯ ಡೈರೆಕ್ಟರ್ ಆಗಿದ್ದ.

ಕಥೆ ಇಲ್ಲಿಗೆ ನಿಂತಿದ್ದರೆ ಅವನ ಫೋಟೋ ಎಲ್ಲ ಲ್ಯಾಬಿನ ಗೋಡೆ ಮೇಲೂ ಇರುತ್ತಿತ್ತೇನೋ.

1914

ಜೂನ್ 28, 1914. ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಹೆಂಡತಿಯನ್ನು ಸರಾಯೆವೋ ನಗರದಲ್ಲಿ ಗವ್ರಿಲೋ ಪ್ರಿನ್ಸಿಪ್ ಅನ್ನೋ ಹತ್ತೊಂಬತ್ತು ವರ್ಷದ ಹುಡುಗ ಗುಂಡಿಟ್ಟು ಕೊಂದ. ನಮ್ಮದೇ ವಯಸ್ಸು. ಯೂರೋಪ್ ಆಗಲೇ ಎರಡು ಗುಂಪಾಗಿತ್ತು. ಒಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ. ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್. ಒಬ್ಬರ ಮೇಲೆ ಕೈ ಮಾಡಿದರೆ ಇನ್ನೊಬ್ಬರು ಬರ್ತಾರೆ ಅನ್ನೋ ಒಪ್ಪಂದಗಳ ಸರಪಳಿ. ಜುಲೈ 28ಕ್ಕೆ ಆಸ್ಟ್ರಿಯಾ ಸೆರ್ಬಿಯಾ ಮೇಲೆ ಯುದ್ಧ ಸಾರಿತು. ಸೆರ್ಬಿಯಾ ಪರ ರಷ್ಯಾ ನಿಂತಿತು. ಜರ್ಮನಿ ಆಗಸ್ಟ್ 1ಕ್ಕೆ ರಷ್ಯಾ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು. ಫ್ರಾನ್ಸಿಗೆ ಅಡ್ಡದಾರಿಯಿಂದ ಹೋಗೋಕೆ ತಟಸ್ಥವಾಗಿದ್ದ ಬೆಲ್ಜಿಯಂ ಒಳಗೆ ನುಗ್ಗಿದ್ದರಿಂದ 4ರಂದು ಬ್ರಿಟನ್ ಕೂಡ ಇಳಿಯಿತು. ಬ್ರಿಟನ್ ಇಳಿದ ಮೇಲೆ ಅದರ ಕೈಕೆಳಗಿದ್ದ ಭಾರತವನ್ನು ಯಾರೂ ಕೇಳಲಿಲ್ಲ, ನಾವೂ ಯುದ್ಧದಲ್ಲಿದ್ದೆವು.

ಕ್ರಿಸ್‌ಮಸ್ ಹೊತ್ತಿಗೆ ಮುಗಿಯುತ್ತೆ ಅಂದುಕೊಂಡಿದ್ದ ಯುದ್ಧ ಇದು. ಜರ್ಮನ್ ಸೇನೆಯನ್ನು ಸೆಪ್ಟೆಂಬರ್‌ನಲ್ಲಿ ಮಾರ್ನ್ ನದಿಯ ಹತ್ತಿರ ತಡೆದು ನಿಲ್ಲಿಸಿದರು. ಎರಡೂ ಕಡೆಯವರು ಮಣ್ಣು ಅಗೆದು ಕಂದಕದೊಳಗೆ ಕೂತರು. ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡ್ ಗಡಿವರೆಗೆ ಕಂದಕಗಳ ಸಾಲು. ಮೇಲೆ ತಲೆ ಎತ್ತಿದರೆ ಮೆಷಿನ್ ಗನ್.

ಈಗ ಹೇಬರ್ ಕಡೆ ಬರೋಣ. ಬ್ರಿಟನ್ನಿನ ನೌಕಾಪಡೆ ಸಮುದ್ರ ಮುಚ್ಚಿದ್ದರಿಂದ ಚಿಲಿಯ ಸಾಲ್ಟ್‌ಪೀಟರ್ ಜರ್ಮನಿಗೆ ಬರೋದು ನಿಂತಿತು. ಸಾಲ್ಟ್‌ಪೀಟರ್ ಬೇಕಾಗಿದ್ದದ್ದು ಗೊಬ್ಬರಕ್ಕೆ ಮಾತ್ರ ಅಲ್ಲ. ಸ್ಫೋಟಕಕ್ಕೆ ನೈಟ್ರಿಕ್ ಆಸಿಡ್ ಬೇಕು, ಅದಕ್ಕೂ ಇದೇ ಮೂಲ. ಮದ್ದುಗುಂಡು ಮುಗಿದು ಜರ್ಮನಿ ಸೋಲಬೇಕಿತ್ತು. ಆದರೆ ಅಮೋನಿಯದಿಂದ ನೈಟ್ರಿಕ್ ಆಸಿಡ್ ಮಾಡೋ ವಿಧಾನವನ್ನು ಓಸ್ಟ್‌ವಾಲ್ಡ್ ಆಗಲೇ ಕೊಟ್ಟಿದ್ದ. ಒಪ್ಪೌನ ಅಮೋನಿಯ ಗೊಬ್ಬರದ ಚೀಲಕ್ಕೆ ಹೋಗೋ ಬದಲು ಫಿರಂಗಿಗೆ ಹೋಯಿತು. 1917ರಲ್ಲಿ ಲ್ಯೂನಾದಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಬಂತು. ಹೇಬರನ ಅಮೋನಿಯ ಇಲ್ಲದಿದ್ದರೆ ಜರ್ಮನಿ ಅಷ್ಟು ವರ್ಷ ಹೋರಾಡೋಕೆ ಆಗುತ್ತಿರಲಿಲ್ಲ ಅಂತ ಅನೇಕ ಇತಿಹಾಸಕಾರರು ಹೇಳ್ತಾರೆ. ಅನ್ನಕ್ಕೆ ಅಂತ ಕಂಡುಹಿಡಿದದ್ದು ಯುದ್ಧವನ್ನು ಉದ್ದ ಮಾಡಿತು. ಇದಕ್ಕೆ ಹೇಬರ್ ಒಬ್ಬನನ್ನೇ ದೂರೋಕೆ ಆಗಲ್ಲ. ಆದರೆ ಮುಂದಿನದ್ದು ಹಾಗಲ್ಲ.

ಈಪ್ರ್, ಏಪ್ರಿಲ್ 22

ಕಂದಕದಲ್ಲಿ ಕೂತವರನ್ನು ಗುಂಡಿನಿಂದ ಎಬ್ಬಿಸೋಕೆ ಆಗದಿದ್ದರೆ ಗಾಳಿಯಿಂದ ಎಬ್ಬಿಸಬಹುದಲ್ಲ ಅನ್ನೋದು ಹೇಬರ್ ಮುಂದಿಟ್ಟ ಲೆಕ್ಕ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಮೇಲೇ ಹರಿದು ಕಂದಕದೊಳಗೆ ಇಳಿಯುತ್ತೆ. ಬಣ್ಣದ ಕಾರ್ಖಾನೆಗಳಲ್ಲಿ ಅದು ಬೇಕಾದಷ್ಟಿತ್ತು. ಯುದ್ಧದಲ್ಲಿ ವಿಷ ಬಳಸಬಾರದು ಅಂತ ಹೇಗ್ ಒಪ್ಪಂದಗಳಿಗೆ ಜರ್ಮನಿಯೂ ಸಹಿ ಹಾಕಿತ್ತು. ಶೆಲ್ಲಿನಲ್ಲಿ ತುಂಬಿ ಹೊಡೆದರೆ ತಾನೇ ತಪ್ಪು, ಸಿಲಿಂಡರಿನಿಂದ ಬಿಟ್ಟರೆ ಅಲ್ಲ ಅಂತ ಒಂದು ನೆಪ ಹುಡುಕಿಕೊಂಡರು. ಹಲವು ಸೇನಾಧಿಕಾರಿಗಳಿಗೇ ಇದು ಹಿಡಿಸಲಿಲ್ಲ. ಹೇಬರ್ ಮಾತ್ರ ಆಫೀಸಲ್ಲಿ ಕೂತು ರಿಪೋರ್ಟ್ ಕಳಿಸಿ ಸುಮ್ಮನಾಗಲಿಲ್ಲ. ಸ್ವತಃ ಯುದ್ಧಭೂಮಿಗೆ ಹೋಗಿ, ಸಿಲಿಂಡರ್ ಹೂಳಿಸಿ, ಗಾಳಿಯ ದಿಕ್ಕಿಗಾಗಿ ಕಾದ.

1915ರ ಏಪ್ರಿಲ್ 22, ಸಂಜೆ 5 ಗಂಟೆ. ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದರು. ನೂರೈವತ್ತು ಟನ್ನಿಗಿಂತ ಜಾಸ್ತಿ ಕ್ಲೋರಿನ್, ಸುಮಾರು ಆರು ಕಿಲೋಮೀಟರ್ ಅಗಲದ ಹಸಿರು-ಹಳದಿ ಮೋಡ. ಎದುರಿಗಿದ್ದದ್ದು ಫ್ರೆಂಚ್ ಮತ್ತು ಅಲ್ಜೀರಿಯಾದ ಸೈನಿಕರು. ಕ್ಲೋರಿನ್ ಶ್ವಾಸಕೋಶದ ತೇವದ ಜೊತೆ ಸೇರಿ ಆಸಿಡ್ ಆಗುತ್ತೆ. ಶ್ವಾಸಕೋಶದಲ್ಲಿ ನೀರು ತುಂಬಿ, ಮನುಷ್ಯ ಒಣನೆಲದ ಮೇಲೇ ಮುಳುಗಿದ ಹಾಗೆ ಸಾಯ್ತಾನೆ. ಆ ಸಾಲು ಪೂರ್ತಿ ಮುರಿದುಬಿತ್ತು. ಆದರೆ ಆ ಜಾಗದಿಂದ ಒಳಗೆ ನುಗ್ಗೋಕೆ ಬೇಕಾದಷ್ಟು ಸೈನ್ಯವನ್ನು ಜರ್ಮನ್ ಜನರಲ್ಲುಗಳು ಇಟ್ಟುಕೊಂಡೇ ಇರಲಿಲ್ಲ. ಕೆಲವು ಕಿಲೋಮೀಟರ್ ಸಿಕ್ಕಿತು, ಅಷ್ಟೇ.

ನಾಲ್ಕು ದಿನದ ಮೇಲೆ, ಏಪ್ರಿಲ್ 26ರಂದು, ಅದೇ ಜಾಗದಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಗ್ಯಾಸಿಗೆ ಎದುರಾಯಿತು. ಸರಿಯಾದ ಮಾಸ್ಕ್ ಇರಲಿಲ್ಲ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ನಿಂತರು. ಜಮಾದಾರ್ ಮೀರ್ ದಸ್ತ್ ತಾನೂ ವಿಷಗಾಳಿ ಕುಡಿದು, ಬಿದ್ದಿದ್ದ ಅಧಿಕಾರಿಗಳನ್ನು ಹೊತ್ತು ತಂದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಹೇಬರನಿಗೂ ಬಹುಮಾನ ಬಂತು, ಸೇನೆಯಲ್ಲಿ ಕ್ಯಾಪ್ಟನ್ ಪದವಿ. ಅವನು ಬರ್ಲಿನ್ನಿನ ಮನೆಗೆ ಬಂದಿದ್ದಾಗ, ಮೇ 2ರ ಬೆಳಗಿನ ಜಾವ, ಕ್ಲಾರಾ ಗಂಡನ ಪಿಸ್ತೂಲಿನಿಂದಲೇ ಪ್ರಾಣ ಕಳೆದುಕೊಂಡಳು. ಅವಳನ್ನು ಮೊದಲು ನೋಡಿದ್ದು ಹನ್ನೆರಡು ವರ್ಷದ ಹರ್ಮನ್. ಕಾರಣ ಹೇಳುವ ಪತ್ರ ಯಾವುದೂ ಉಳಿದಿಲ್ಲ. ಗ್ಯಾಸ್ ಕೆಲಸವನ್ನು ಆಕೆ ವಿರೋಧಿಸುತ್ತಿದ್ದಳು ಅಂತ ಕೆಲವರು, ಮದುವೆ ಮೊದಲೇ ಮುರಿದಿತ್ತು ಅಂತ ಕೆಲವರು ಬರೀತಾರೆ. ಒಂದೇ ಕಾರಣ ಹಿಡಿದು ಅವಳನ್ನು ಸಿನಿಮಾ ಪಾತ್ರ ಮಾಡೋದು ನನಗೆ ಸರಿ ಅನ್ನಿಸಲ್ಲ. ಹೇಬರ್ ಮಾತ್ರ ಮಗನನ್ನು ಬಿಟ್ಟು, ರಷ್ಯಾ ಕಡೆಯ ಯುದ್ಧಭೂಮಿಗೆ ಗ್ಯಾಸ್ ಬಿಡಿಸೋಕೆ ಹೊರಟುಹೋದ.

ಫಾರ್ಮುಲಾ ಆದ ಸಾವು

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೂಸ್ ಅನ್ನೋ ಕಡೆ ಬ್ರಿಟಿಷರೂ ಕ್ಲೋರಿನ್ ಬಿಟ್ಟರು. ಕೆಲವು ಕಡೆ ಗಾಳಿ ತಿರುಗಿ ಅವರ ಮೇಲೇ ಬಂತು. ಆಮೇಲೆ ಫಾಸ್ಜೀನ್ ಬಂತು, 1917ರಲ್ಲಿ ಚರ್ಮ ಬೇಯಿಸೋ ಮಸ್ಟರ್ಡ್ ಗ್ಯಾಸ್ ಬಂತು. ಹೇಬರನ ಸಂಸ್ಥೆ ಗ್ಯಾಸನ್ನೂ ಮಾಡುತ್ತಿತ್ತು, ಗ್ಯಾಸ್ ತಡೆಯೋ ಮಾಸ್ಕನ್ನೂ ಮಾಡುತ್ತಿತ್ತು. ಗ್ಯಾಸಿನ ಸಾಂದ್ರತೆಯನ್ನು ಉಸಿರಾಡಿದ ಸಮಯದಿಂದ ಗುಣಿಸಿದರೆ ಬರೋ ಸಂಖ್ಯೆ ಸಾವಿಗೆ ಅಳತೆ ಅಂತ ಹೇಬರ್ ಒಂದು ನಿಯಮ ಕೊಟ್ಟ. ಟಾಕ್ಸಿಕಾಲಜಿಯಲ್ಲಿ ಇವತ್ತಿಗೂ ಅದಕ್ಕೆ ಹೇಬರ್ ನಿಯಮ ಅಂತಲೇ ಹೆಸರು. ಕೆಲಸಗಾರರ ಸುರಕ್ಷತೆಗೆ ಅದನ್ನು ಬಳಸಬಹುದು, ನಿಜ. ಆದರೆ ಅದು ಹುಟ್ಟಿದ್ದು ಎಷ್ಟು ಗ್ಯಾಸಿಗೆ ಎಷ್ಟು ನಿಮಿಷದಲ್ಲಿ ಸಾಯ್ತಾರೆ ಅನ್ನೋ ಲೆಕ್ಕದಿಂದ.

ಇತ್ತ ಯುದ್ಧ ಮುಗಿಯುತ್ತಲೇ ಇರಲಿಲ್ಲ. 1916ರಲ್ಲಿ ವರ್ಡನ್ ಕಾಳಗ ಸುಮಾರು ಹತ್ತು ತಿಂಗಳು ನಡೆಯಿತು. ಜುಲೈ 1ರಂದು ಸೋಮ್ ನದಿ ಹತ್ತಿರ ಒಂದೇ ದಿನಕ್ಕೆ ಸುಮಾರು 19 ಸಾವಿರ ಬ್ರಿಟಿಷ್ ಸೈನಿಕರು ಸತ್ತರು. 1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು, ಮರುವರ್ಷ ಮಾರ್ಚಿಯಲ್ಲಿ ಅದು ಜರ್ಮನಿ ಜೊತೆ ಒಪ್ಪಂದ ಮಾಡಿಕೊಂಡು ಹೊರಬಂತು. ಆದರೆ 1917ರ ಏಪ್ರಿಲ್‌ನಲ್ಲೇ ಅಮೆರಿಕ ಜರ್ಮನಿ ವಿರುದ್ಧ ಇಳಿದಿತ್ತು.

ಯುದ್ಧ ಯೂರೋಪಿಗೆ ಸೀಮಿತ ಆಗಿರಲಿಲ್ಲ. ಟರ್ಕಿಯ ಆಟೊಮನ್ ಸಾಮ್ರಾಜ್ಯ ಜರ್ಮನಿ ಜೊತೆ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಆಟೊಮನ್ನರಿಂದ ಗೆದ್ದವರು ಜೋಧಪುರ್ ಮತ್ತು ಮೈಸೂರು ಲ್ಯಾನ್ಸರ್ಸ್. ಮೆಷಿನ್ ಗನ್ನಿನ ಎದುರು ಕುದುರೆ ಮೇಲೆ, ಕೈಲಿ ಭರ್ಜಿ ಹಿಡಿದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ. ಈ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು, ಸುಮಾರು 74 ಸಾವಿರ ಜನ ವಾಪಸ್ ಬರಲಿಲ್ಲ.

1918ರ ನವೆಂಬರ್ 11ರಂದು ಬಂದೂಕುಗಳು ನಿಂತವು. ಸತ್ತ ಸೈನಿಕರು ಸುಮಾರು 90 ಲಕ್ಷ. ಅದರಲ್ಲಿ ಗ್ಯಾಸಿನಿಂದ ಸತ್ತವರು ಸುಮಾರು 90 ಸಾವಿರ ಅಂತ ಅಂದಾಜು, ಅಂದ್ರೆ ನೂರಕ್ಕೆ ಒಬ್ಬರು. ಯುದ್ಧ ಬೇಗ ಮುಗಿಸಿ ಜೀವ ಉಳಿಸುತ್ತೆ ಅಂತ ವಾದ ಮಾಡಿ ತಂದ ಅಸ್ತ್ರ ಯುದ್ಧವನ್ನು ಒಂದು ದಿನ ಕೂಡ ಬೇಗ ಮುಗಿಸಿದ ಹಾಗೆ ಕಾಣಲ್ಲ. ಎದುರಾಳಿಯ ಹತ್ತಿರವೂ ಕೆಮಿಸ್ಟ್‌ಗಳಿದ್ದರು, ಅಷ್ಟೇ.

ನೊಬೆಲ್, ಚಿನ್ನ, ಗಡೀಪಾರು

1919ರಲ್ಲಿ ಎರಡು ಸುದ್ದಿ ಬಂದವು. ಜೂನ್ 28ಕ್ಕೆ ವರ್ಸೇಲ್ಸ್ ಒಪ್ಪಂದ. ಅದರ ಪ್ರಕಾರ ಯುದ್ಧದ ಹೊಣೆ ಜರ್ಮನಿಯದು, ದಂಡವೂ ಅದರದ್ದೇ. ಅದೇ ವರ್ಷದ ಕೊನೆಗೆ, 1918ರ ಸಾಲಿನ ಕೆಮಿಸ್ಟ್ರಿ ನೊಬೆಲ್ ಹೇಬರನಿಗೆ, ಅಮೋನಿಯಕ್ಕಾಗಿ. ಬೇರೆ ದೇಶದ ಹಲವು ವಿಜ್ಞಾನಿಗಳು ಪ್ರತಿಭಟಿಸಿದರು.

1921ರಲ್ಲಿ ದಂಡದ ಮೊತ್ತ 132 ಬಿಲಿಯನ್ ಚಿನ್ನದ ಮಾರ್ಕ್ ಅಂತ ನಿಗದಿಯಾಯಿತು. ಹೇಬರ್ ದೇಶದ ಸಾಲ ತೀರಿಸೋಕೆ ಸಮುದ್ರದ ನೀರಿನಿಂದ ಚಿನ್ನ ತೆಗೀತೀನಿ ಅಂತ ಹೊರಟ. ವರ್ಷಗಟ್ಟಲೆ ಹಡಗಲ್ಲಿ ಸ್ಯಾಂಪಲ್ ತಂದು ಅಳೆದ ಮೇಲೆ, ಹಳೆಯ ಅಂದಾಜಿಗಿಂತ ಚಿನ್ನ ಎಷ್ಟೋ ಪಟ್ಟು ಕಡಿಮೆ ಇದೆ ಅಂತ ಗೊತ್ತಾಗಿ ಕೈಬಿಟ್ಟ. ಅದೇ 1921ರ ಸೆಪ್ಟೆಂಬರ್‌ನಲ್ಲಿ ಒಪ್ಪೌ ಕಾರ್ಖಾನೆಯ ಗೊಬ್ಬರದ ರಾಶಿ ಸ್ಫೋಟಗೊಂಡು 500ಕ್ಕೂ ಹೆಚ್ಚು ಜನ ಸತ್ತರು. ಗೊಬ್ಬರಕ್ಕೂ ಬಾಂಬಿಗೂ ಇರೋ ಗೋಡೆ ಎಷ್ಟು ತೆಳ್ಳಗಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ.

1933ರಲ್ಲಿ ಹಿಟ್ಲರ್ ಬಂದ. ಏಪ್ರಿಲ್ 7ರ ಕಾನೂನು ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯಬೇಕು ಅಂತ ಹೇಳಿತು. ಯುದ್ಧದಲ್ಲಿ ಸೇವೆ ಮಾಡಿದವರಿಗೆ ವಿನಾಯಿತಿ ಇದ್ದದ್ದರಿಂದ ಹೇಬರ್ ಕುರ್ಚಿ ಉಳಿಯುತ್ತಿತ್ತು. ಆದರೆ ತನ್ನ ಸಂಸ್ಥೆಯ ಯಹೂದಿ ಸಹೋದ್ಯೋಗಿಗಳನ್ನು ತಾನೇ ಹೊರಹಾಕಬೇಕಿತ್ತು. ಅದನ್ನು ಮಾಡೋಕೆ ಆಗದೆ ಏಪ್ರಿಲ್ 30ಕ್ಕೆ ರಾಜೀನಾಮೆ ಕೊಟ್ಟ. ಜರ್ಮನ್ ಆಗೋಕೆ ಧರ್ಮ ಬದಲಿಸಿದವನು, ದೇಶಕ್ಕಾಗಿ ಕಾನೂನು ಮುರಿದವನು, ಆ ದೇಶಕ್ಕೇ ಬೇಡವಾದ. ಕೆಲ ತಿಂಗಳು ಕೇಂಬ್ರಿಡ್ಜಲ್ಲಿದ್ದು, 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವನ ಇಷ್ಟದಂತೆ ಕ್ಲಾರಾಳ ಅಸ್ಥಿಯನ್ನೂ ತಂದು ಇಬ್ಬರನ್ನೂ ಒಂದೇ ಕಡೆ ಮಣ್ಣು ಮಾಡಿದರು.

ಅವನು ಸತ್ತ ಮೇಲೆ ಆದದ್ದು ಇನ್ನೂ ಘೋರ. ಅವನ ಸಂಸ್ಥೆಯ ವಿಜ್ಞಾನಿಗಳು ಕೀಟ ಕೊಲ್ಲೋಕೆ ಅಂತ ಸೈನೈಡಿನ ಗ್ಯಾಸ್ ಮೇಲೆ ಕೆಲಸ ಮಾಡಿದ್ದರು. ಆ ದಾರಿಯಲ್ಲೇ ಬಂದ ಝೈಕ್ಲಾನ್ ಬಿ ಅನ್ನು ಮುಂದೆ ನಾಜಿಗಳು ಆಶ್‌ವಿಟ್ಜ್ ಶಿಬಿರದಲ್ಲಿ ಮನುಷ್ಯರ ಮೇಲೆ ಬಳಸಿದರು. ನಾಜಿ ಶಿಬಿರಗಳಲ್ಲಿ ಸತ್ತವರಲ್ಲಿ ಹೇಬರನ ನೆಂಟರೂ ಇದ್ದರು.

ನಮಗೇನು?

ಅವನು ಒಳ್ಳೆಯವನಾ ಕೆಟ್ಟವನಾ ಅಂತ ಹಾಸ್ಟೆಲಲ್ಲಿ ರಾತ್ರಿಯೆಲ್ಲ ವಾದ ಮಾಡಬಹುದು. ಮಂಗಳೂರಿನ ಪಣಂಬೂರಲ್ಲಿ ಯೂರಿಯಾ ಆಗೋದು ಇದೇ ಅಮೋನಿಯದಿಂದ. ಇವತ್ತು ಜಗತ್ತಿನ ಹೆಚ್ಚುಕಮ್ಮಿ ಅರ್ಧ ಜನರ ಊಟ ಈ ವಿಧಾನದ ಮೇಲೆ ನಿಂತಿದೆ ಅಂತ ಲೆಕ್ಕ ಇದೆ. ಮಧ್ಯಾಹ್ನ ಮೆಸ್ಸಲ್ಲಿ ನಾವು ತಿಂದ ಅನ್ನದಲ್ಲೂ ಹೇಬರ್ ಇದ್ದಾನೆ. ಹಾಗಂತ ಈಪ್ರ್ ಅಳಿಸಿಹೋಗಲ್ಲ.

ಕಾಲವೇ ಹಾಗಿತ್ತು, ಯುದ್ಧ ಇತ್ತು, ಅವನೇನು ಮಾಡೋಕಾಗುತ್ತಿತ್ತು ಅಂತ ಕೆಲವರು ಹೇಳ್ತಾರೆ. ಈ ಮಾತನ್ನು ನಾನು ಒಪ್ಪಲ್ಲ. ಅದೇ ಕಾಲ, ಅದೇ ದೇಶದಲ್ಲಿದ್ದ ಮ್ಯಾಕ್ಸ್ ಬಾರ್ನ್ ಗ್ಯಾಸ್ ಕೆಲಸಕ್ಕೆ ಸೇರೋಕೆ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಲ್ಲಿದ್ದ ಜರ್ಮನ್ ಕೆಮಿಸ್ಟ್ ಹರ್ಮನ್ ಸ್ಟೌಡಿಂಗರ್ ಈ ಅಸ್ತ್ರವನ್ನು ಬಹಿರಂಗವಾಗಿ ಟೀಕಿಸಿ ಹೇಬರನ ಸಿಟ್ಟಿಗೆ ಗುರಿಯಾದ. ಇಬ್ಬರ ಕೆಲಸವೂ ಇದರಿಂದ ಹಾಳಾಗಲಿಲ್ಲ, ಮುಂದೆ ಇಬ್ಬರಿಗೂ ನೊಬೆಲ್ ಬಂತು. ಇನ್ನೊಂದು ಕಡೆ ಹೇಬರನ ಜೊತೆ ಹೋದ ಒಟ್ಟೋ ಹಾನ್, ಜೇಮ್ಸ್ ಫ್ರಾಂಕ್ ಅವರಿಗೂ ನೊಬೆಲ್ ಬಂತು. ಅಂದ್ರೆ ಬುದ್ಧಿವಂತಿಕೆ ಎರಡೂ ಕಡೆ ಇತ್ತು. ಒಲ್ಲೆ ಅನ್ನೋ ಅವಕಾಶವೂ ಎರಡೂ ಕಡೆ ಇತ್ತು.

ಇನ್ನು ಎರಡು ವರ್ಷಕ್ಕೆ ನಾವೂ ಪ್ಲೇಸ್‌ಮೆಂಟ್ ಅಂತ ಫಾರ್ಮಲ್ಸ್ ಹಾಕಿಕೊಂಡು ಸಾಲಲ್ಲಿ ನಿಂತಿರ್ತೀವಿ. ಡ್ರೋನ್ ಇರಬಹುದು, ಮುಖ ಗುರುತಿಸೋ ಸಾಫ್ಟ್‌ವೇರ್ ಇರಬಹುದು, ಕೆಮಿಕಲ್ ಪ್ಲಾಂಟ್ ಇರಬಹುದು. ಪ್ಯಾಕೇಜ್ ಎಷ್ಟು ಅಂತ ಎಲ್ಲರೂ ಕೇಳ್ತೀವಿ, ಕೇಳಲೂಬೇಕು, ಮನೆ ನಡೀಬೇಕಲ್ಲ. ಅದರ ಜೊತೆ, ಇದು ಕೊನೆಗೆ ಯಾರ ಮೇಲೆ ಬಳಕೆಯಾಗುತ್ತೆ ಅಂತಲೂ ಒಂದು ಪ್ರಶ್ನೆ ಕೇಳೋಣ. ಉತ್ತರ ಇಷ್ಟ ಆಗದಿದ್ದರೆ ಮುಂದಿನ ಕಂಪನಿ ನೋಡೋಣ.